ಸೀಸ ಹಿಡಿಯದ ನಳಿಕೆ

ನನ್ನ ಭಾವ ಎಲ್ಡೋರ್ ಸ್ಕೋಗನ್ ಕೆಟ್ಟವನಲ್ಲ. ನಮ್ಮ ಹಾಲ್ಡಾಲಿನಂಥ ಊರಿನಲ್ಲಿ ಕೆಟ್ಟವನಾಗಲು ಯಾರಿಗೂ ಪುರುಸೊತ್ತಿಲ್ಲ. ಆರು ತಿಂಗಳು ಹಿಮ ಬಾಚುವುದರಲ್ಲಿ ಹೋದರೆ ಇನ್ನಾರು ತಿಂಗಳು ಹಿಮ ಯಾವಾಗ ಬೀಳುತ್ತದೋ ಎಂದು ಕಾಯುವುದರಲ್ಲಿ ಹೋಗುತ್ತದೆ. ಭಾವನಿಗಿರುವುದು ಒಂದೇ ತೊಂದರೆ. ನಾಲ್ಕು ಜನ ಸೇರಿ ಒಂದು ವಿಷಯ ಮಾತಾಡುತ್ತಿದ್ದರೆ, ಅದು ತನಗೆ ಗೊತ್ತಿಲ್ಲ ಎಂದು ಹೇಳಲು ಅವನ ನಾಲಿಗೆ ಹೊರಳುವುದಿಲ್ಲ. ನನ್ನ ಅಕ್ಕ ಆರ್ಡಿಸ್ ಅವನ ಕೈಹಿಡಿದು ಇಪ್ಪತ್ತಾರು ವರ್ಷವಾಯಿತು. ಅಷ್ಟು ವರ್ಷದಲ್ಲಿ ಅವನು ‘ಗೊತ್ತಿಲ್ಲ’ ಎಂದದ್ದು ಒಂದೇ ಸಲ, ಅದೂ ಕಾರಿನ ಕೀಲಿ ಎಲ್ಲಿ ಎಂದು ಅವಳು ಕೇಳಿದಾಗ.

ಆ ವರ್ಷದ ನವೆಂಬರಿನಲ್ಲಿ ನಮ್ಮ ಪಿಸ್ತೂಲು ಕ್ಲಬ್ಬಿನ ಸಭೆ ಸೇರಿತ್ತು. ಮಿನ್ನೆಸೋಟಾದ ಚಳಿಗೆ ಹೊರಗೆ ನಿಂತು ಗುರಿ ಇಡಲಾಗುವುದಿಲ್ಲವಾದ್ದರಿಂದ ಚಳಿಗಾಲವಿಡೀ ನಮ್ಮ ಗುಂಡು ಹಾರುವುದು ಹಳೇ ಬೆಣ್ಣೆ ಕಾರ್ಖಾನೆಯ ನೆಲಮಾಳಿಗೆಯಲ್ಲಿ. ಅಂದು ಎಲ್ಲರ ಮುಖವೂ ಜೋತುಬಿದ್ದಿತ್ತು. ಮೂವತ್ತು ವರ್ಷ ಕ್ಲಬ್ಬಿನ ತಂಡಕ್ಕೆಲ್ಲ ಸೀಸ ಕರಗಿಸಿ ಗುಂಡು ಎರೆದುಕೊಡುತ್ತಿದ್ದ ಸ್ವೆರೆ ಟಾರ್ವಿಕ್ ಏಪ್ರಿಲ್‌ನಲ್ಲಿ ತೀರಿಕೊಂಡಿದ್ದರು. ಅವರು ಬಿಟ್ಟುಹೋದ ಗುಂಡುಗಳೂ ಮುಗಿದಿದ್ದವು. ಅಂಗಡಿಯ ಗುಂಡು ತರಬಹುದಿತ್ತು. ಆದರೆ ನಮ್ಮಲ್ಲಿ ಅದು ಎಲ್ಲರೂ ಮನೆಯಡುಗೆ ತರುವ ಚರ್ಚಿನ ಊಟಕ್ಕೆ ಅಂಗಡಿಯ ಹಣ್ಣಿನ ಪೈ ಒಯ್ದ ಹಾಗೆ. ಯಾರೂ ಏನೂ ಅನ್ನುವುದಿಲ್ಲ, ಆದರೆ ಯಾರೂ ಮರೆಯುವುದೂ ಇಲ್ಲ.

ಹಾಗಾಗಿ ತಂಡದವರು ತಾವೇ ಗುಂಡು ಎರೆದು ನೋಡಿದ್ದರು. ಇಪ್ಪತ್ತು ಸುತ್ತು ಹೊಡೆಯುವುದರೊಳಗೆ ನಳಿಕೆಗೆ ಸೀಸ ಹಿಡಿಯುತ್ತಿತ್ತು. ನಳಿಕೆಯ ಒಳಗೆ ಗುಂಡನ್ನು ತಿರುಗಿಸಿ ಬಿಡುವ ಸುರುಳಿ ಗೀರುಗಳಿರುತ್ತವಲ್ಲ, ಆ ಗೀರುಗಳ ತುಂಬ ಸೀಸ ಬಳಿದುಕೊಂಡರೆ ಆಮೇಲೆ ಗುಂಡು ತನಗೆ ತೋಚಿದ ಕಡೆ ಹೋಗುತ್ತದೆ. ತಂಡದ ನಾಯಕ ಮಿಲೋ ಹೆಗ್‌ಸ್ಟಾಡ್, ನಮ್ಮೂರಿನ ಅಂಚೆಯವನು, ಹಿತ್ತಾಳೆಯ ಬ್ರಷ್ಷಿನಿಂದ ತಿಕ್ಕಿ ತಿಕ್ಕಿ ಊದಿಕೊಂಡ ಬೆರಳುಗಳನ್ನು ಎಲ್ಲರಿಗೂ ತೋರಿಸುತ್ತಿದ್ದ. ಆಗ ಕಾಫಿ ಲೋಟ ಕೆಳಗಿಟ್ಟ ಭಾವ, ಯಾರೂ ಕೇಳದಿದ್ದರೂ, ಹೇಳಿಯೇಬಿಟ್ಟ.

“ನನ್ನ ಪಿಸ್ತೂಲಿಗೆ ಇವತ್ತಿನವರೆಗೂ ಸೀಸ ಹಿಡಿದಿಲ್ಲಪ್ಪ.”

ಇದು ಅಪ್ಪಟ ನಿಜ. ಆ ಪಿಸ್ತೂಲನ್ನು ಅವನು ಕೊಂಡದ್ದು ಸೆಪ್ಟೆಂಬರಿನಲ್ಲಿ. ಎರಕದ ಒಂದೇ ಒಂದು ಗುಂಡೂ ಅದರೊಳಗಿಂದ ಅಲ್ಲಿಯವರೆಗೆ ಹಾದಿರಲಿಲ್ಲ.

ಮಿಲೋ ಅವನನ್ನು ಹೊಸದಾಗಿ ನೋಡಿದವನಂತೆ ನೋಡಿದ. ಹತ್ತು ನಿಮಿಷದಲ್ಲಿ ತೀರ್ಮಾನವಾಯಿತು. ಫೆಬ್ರವರಿಯ ಕೊನೆಯ ಭಾನುವಾರ ಕಾರ್ಲ್ಸ್‌ಬಿ ಊರಿನ ಮೇಲೆ ಪಂದ್ಯ. ಅದಕ್ಕೆ ಬೇಕಾದ ಮುನ್ನೂರು ಗುಂಡು ಎಲ್ಡೋರ್ ಎರೆಯುವುದು. ಅದರ ಹಿಂದಿನ ಗುರುವಾರ ಪರೀಕ್ಷೆ. ನಳಿಕೆಗಳಿಗೆ ಸೀಸ ಹಿಡಿಯದಿದ್ದರೆ ಸ್ವೆರೆಯವರಿಂದ ತೆರವಾದ ಐದನೆಯವನ ಜಾಗ ಎಲ್ಡೋರ್‌ಗೇ. ಹಿಡಿದರೆ ‘ಆಮೇಲೆ ನೋಡೋಣ’, ಅಂದರೆ ನಮ್ಮೂರಿನಲ್ಲಿ ‘ಇಲ್ಲ’ ಎಂದರ್ಥ. ಭಾವ ಒಂಬತ್ತು ವರ್ಷದಿಂದ ತಂಡದ ಬದಲಿ ಆಟಗಾರನಾಗಿದ್ದ. ಒಂಬತ್ತು ವರ್ಷವೂ ನೆಲದ ಮೇಲೆ ಬಿದ್ದ ಖಾಲಿ ತೋಟಾ ಆರಿಸುವುದು, ಕಾಫಿ ಕಾಯಿಸುವುದು, ಇಷ್ಟೇ. ಆ ಐದನೆಯ ಜಾಗಕ್ಕಾಗಿ ಅವನು ತನ್ನ ಎಡಗೈಯನ್ನೂ ಕೊಡುತ್ತಿದ್ದ, ಹೊಡೆಯುವುದು ಬಲಗೈಯಲ್ಲಿ.

ಇನ್ನು, ಸೋತ ಊರು ಗೆದ್ದ ಊರಿಗೆ ಪ್ಯಾನ್‌ಕೇಕ್ ಹುಯ್ದು ಬಡಿಸಬೇಕು ಎಂಬುದು ಹಳೆಯ ಕಟ್ಟಳೆ. ಹನ್ನೊಂದು ವರ್ಷದಿಂದ ನಾವೇ ಹುಯ್ಯುತ್ತಿದ್ದೆವು.

ಮರುದಿನದಿಂದ ಭಾವ ಒಂದು ಕಡೆ ನಿಲ್ಲಲಿಲ್ಲ, ಕೂರಲಿಲ್ಲ. ಗೊತ್ತಿದ್ದವರನ್ನು ಕೇಳಬಹುದಿತ್ತಲ್ಲ ಎಂದರೆ, ಕೇಳಿದರೆ ಗೊತ್ತಿಲ್ಲ ಎಂದಾಗುತ್ತದೆ. ಆದ್ದರಿಂದ ಅವನು ತಾನೇ ಒಂದು ಸಿದ್ಧಾಂತ ಕಟ್ಟಿದ. ಸೀಸ ಮೆತ್ತಗಿದೆ, ಮೆತ್ತಗಿರುವುದರಿಂದಲೇ ಬಳಿದುಕೊಳ್ಳುತ್ತದೆ. ಗಟ್ಟಿ ಮಾಡಿದರೆ ಕತೆ ಮುಗಿಯಿತು. ಕೇಳಲು ಎಷ್ಟು ಚೆನ್ನಾಗಿತ್ತೆಂದರೆ ನಾನೂ ತಲೆಯಾಡಿಸಿದೆ. ನಾನು ಶಾಲೆಯ ಬಸ್ಸು ಓಡಿಸುವವನು, ಕ್ಲಬ್ಬಿನಲ್ಲಿ ಅಂಕ ಬರೆಯುವವನು. ಸಿದ್ಧಾಂತಗಳ ವಿಷಯದಲ್ಲಿ ನನ್ನ ತಲೆ ಸುಲಭವಾಗಿ ಆಡುತ್ತದೆ.

ಲೋಹ ಎಲ್ಲೆಲ್ಲಿಂದ ತಂದ ಎಂಬುದನ್ನು ಅವನು ನನಗೂ ಹೇಳಲಿಲ್ಲ. ಇದೆಲ್ಲ ಆಮೇಲೆ ತಿಳಿದದ್ದು. ಟೈರಿನ ಅಂಗಡಿಯಿಂದ ಗಾಲಿಯ ಸಮತೋಲಕ್ಕೆ ಕಟ್ಟುವ ಸೀಸದ ತೂಕಗಳನ್ನು ತಂದ. ಅದು ಸಾಲದೆ ನಮ್ಮ ವಾರಪತ್ರಿಕೆಯ ಕಚೇರಿಗೆ ಹೋಗಿ, ಹಿಂದಿನ ಕಾಲದ ಅಚ್ಚಿನ ಮೊಳೆಗಳನ್ನು ಪಿಸುಮಾತಿನಲ್ಲಿ ಕೇಳಿ, ಒಂದು ಪೆಟ್ಟಿಗೆ ಹೊತ್ತು ತಂದ. ಕಾರ್ಲ್ಸ್‌ಬಿಯ ಆಸ್ಪತ್ರೆಯಲ್ಲಿ ಹಳೇ ಎಕ್ಸ್-ರೇ ಕೋಣೆ ಕೆಡವುತ್ತಿದ್ದಾರೆ, ಗೋಡೆಯೊಳಗಿನ ಸೀಸದ ಹಾಳೆ ಎಸೆಯುತ್ತಿದ್ದಾರೆ ಎಂದು ಕೇಳಿ ಮೂರು ಸಲ ಅಲ್ಲಿಗೂ ಹೋಗಿ ಬಂದ. ಗುಂಡಿಗೆ ಬಳಿಯುವ ಜಿಡ್ಡಿಗೆ ಜೇನುಮೇಣ ಬೇಕಿತ್ತು. ಜೇನುಮೇಣ ಎಲ್ಲಿದೆ? ಚರ್ಚಿನ ಬಲಿಪೀಠದ ಮೇಲಿನ ಮೊಂಬತ್ತಿಯಲ್ಲಿದೆ.

ಬಲಿಪೀಠದ ಹಾಸು, ಹೂವು, ಮೊಂಬತ್ತಿ ಎಲ್ಲವನ್ನೂ ನೋಡಿಕೊಳ್ಳುವವರು ಬೋರ್ಗಿಲ್ಡ್ ಟಾರ್ವಿಕ್, ತೀರಿಕೊಂಡ ಸ್ವೆರೆಯವರ ಹೆಂಡತಿ. ಅರವತ್ತೆಂಟು ವರ್ಷ, ನೆಟ್ಟಗಿನ ಬೆನ್ನು, ಪಾಸ್ಟರ್ ಕೂಡ ಅವರ ಮುಂದೆ ಬೂಟು ಒರೆಸಿಕೊಂಡೇ ಬರುವುದು. ಒಂದು ಮಂಗಳವಾರ ಅವರೊಬ್ಬರೇ ಇದ್ದಾಗ ಭಾವ ಹಿಂಬಾಗಿಲಿನಿಂದ ಬಂದು, ಟೋಪಿ ತಿರುಚುತ್ತ, ಉರಿದುಳಿದ ಮೊಂಬತ್ತಿಯ ತುಂಡುಗಳಿದ್ದರೆ ಕೊಡಬಹುದೇ ಎಂದು ಕೇಳಿದ. ಅವರು ಕೊಟ್ಟರು. ಯಾಕೆ ಎಂದು ಕೇಳಲಿಲ್ಲ. ಅವನೇ ಹೇಳಿದ:

“ಇದು ನನ್ನ ಸ್ವಂತ ವಿಷಯ ಬೋರ್ಗಿಲ್ಡ್. ಆರ್ಡಿಸ್‌ಗೆ ಗೊತ್ತಾಗೋದು ಬೇಡ.”

ಅಕ್ಕನಿಗೆ ಗೊತ್ತಾದರೆ ಫೋನಿನಲ್ಲಿ ಮಿಲೋನ ಹೆಂಡತಿಗೆ ಗೊತ್ತಾಗುತ್ತದೆ, ಅಲ್ಲಿಂದ ಮಿಲೋನಿಗೆ. ತನಗೆ ಎರಕ ಗೊತ್ತಿಲ್ಲ ಎಂಬ ಗುಟ್ಟು ಹೊರಬೀಳುತ್ತದೆ ಎಂಬುದು ಅವನ ಲೆಕ್ಕಾಚಾರ. ತುಂಡುಗಳನ್ನು ಕೋಟಿನೊಳಗೆ ಸೇರಿಸಿಕೊಂಡು ಹೊರಟ. ಮುಂದಿನ ಮಂಗಳವಾರ ಮತ್ತೆ ಬಂದ. ಅದರ ಮುಂದಿನ ಮಂಗಳವಾರವೂ ಬಂದ.

ಇಲ್ಲಿ ನಮ್ಮೂರಿನ ಒಂದು ಪದ್ಧತಿ ಹೇಳಬೇಕು. ನಾವು ಯಾರನ್ನೂ ನೇರವಾಗಿ ಏನನ್ನೂ ಕೇಳುವುದಿಲ್ಲ. ಮನೆ ಹೊತ್ತಿ ಉರಿಯುತ್ತಿದ್ದರೂ, ‘ಇವತ್ತು ಸ್ವಲ್ಪ ಬೆಚ್ಚಗಿದೆ ಅಲ್ವಾ’ ಎಂದು ಶುರುಮಾಡುತ್ತೇವೆ. ಕೇಳಲೇಬೇಕು ಎಂದು ಹೊಟ್ಟೆಯಲ್ಲಿ ಸಂಕಟವಾದರೆ ಹಾಟ್‌ಡಿಶ್ ಮಾಡುತ್ತೇವೆ. ಒಂದು ಪಾತ್ರೆಯಲ್ಲಿ ಕೊಚ್ಚಿದ ಮಾಂಸ, ಅಣಬೆಯ ಸೂಪು, ಮೇಲೆ ಆಲೂಗಡ್ಡೆ. ಓವನ್ನಿನಲ್ಲಿಟ್ಟು ಬೇಯಿಸಿ, ಪಾತ್ರೆಯ ತಳಕ್ಕೆ ನಮ್ಮ ಹೆಸರಿನ ಚೀಟಿ ಅಂಟಿಸಿ, ಅವರ ಬಾಗಿಲಲ್ಲಿ ಕೊಟ್ಟು ಬರುತ್ತೇವೆ. ಅವರು ತಿನ್ನುತ್ತಾರೆ. ಎರಡೂ ಕಡೆಯವರಿಗೆ ಎಲ್ಲ ಮಾತಾಡಿ ಮುಗಿಸಿದ ಸಮಾಧಾನ.

ಬೋರ್ಗಿಲ್ಡ್ ಯೋಚಿಸಿದರು. ಐವತ್ತು ದಾಟಿದ ಗಂಡಸು, ಹೆಂಡತಿಗೂ ಹೇಳದೆ, ದೇವರ ಮುಂದೆ ಉರಿದ ಮೊಂಬತ್ತಿಯನ್ನು ಎದೆಗೊತ್ತಿಕೊಂಡು ಹೋಗುತ್ತಾನೆ. ಬೇರೆ ಏನಿರಲು ಸಾಧ್ಯ? ಅವರು ಈ ವಿಷಯವನ್ನು ಒಬ್ಬರಿಗೆ ಮಾತ್ರ, ಗುಟ್ಟಾಗಿ, ಪಾಸ್ಟರ್ ನಿಮನ್‌ಗೆ ತಿಳಿಸಿದರು. ಪಾಸ್ಟರ್ ಹೊಸಬ, ಎಳೆಯ, ಉತ್ಸಾಹಿ. ಆ ಭಾನುವಾರ ಪ್ರಾರ್ಥನೆಯಲ್ಲಿ ಅವನು, ‘ನಮ್ಮ ನಡುವೆ ದೊಡ್ಡ ಭಾರವೊಂದನ್ನು ಮೌನವಾಗಿ ಹೊತ್ತಿರುವ ಒಬ್ಬರಿಗಾಗಿ’ ಎಂದು ಹೇಳಿ, ತಡೆಯಲಾರದೆ, ಭಾವನ ಸಾಲಿನ ಕಡೆ ನೋಡಿಬಿಟ್ಟ. ಇಡೀ ಸಭೆ ಅವನ ಕಣ್ಣನ್ನೇ ಹಿಂಬಾಲಿಸಿತು. ಭಾವ ಮಾತ್ರ ಕಣ್ಣು ಮುಚ್ಚಿಕೊಂಡು ಆ ಯಾರೋ ಪಾಪದವರಿಗಾಗಿ ಗಟ್ಟಿಯಾಗಿ ಆಮೆನ್ ಎಂದ.

ಅವನನ್ನು ನೋಡಿದರೆ ನಂಬುವ ಹಾಗೂ ಇತ್ತು. ಸೀಸದ ಹೊಗೆ ಒಳಗೆ ನಿಲ್ಲಬಾರದೆಂದು ಅವನು ಗ್ಯಾರೇಜಿನ ದೊಡ್ಡ ಬಾಗಿಲು ತೆರೆದಿಟ್ಟು ಎರಕ ಹುಯ್ಯುತ್ತಿದ್ದ, ಅದು ಜನವರಿ. ಕೆಮ್ಮು ಹಿಡಿದಿತ್ತು. ನಿದ್ದೆಯಿಲ್ಲದೆ ಕಣ್ಣಿನ ಸುತ್ತ ಕಪ್ಪು. ಕೈ ತೊಳೆದರೂ ಮಸಿ ಹೋಗದೆ ಚರ್ಚಿನಲ್ಲೂ ಕೈಗವಸು ತೆಗೆಯುತ್ತಿರಲಿಲ್ಲ. ಎಕ್ಸ್-ರೇ ವಿಭಾಗದ ಹಿಂಬಾಗಿಲಲ್ಲಿ ಅವನ ಕಾರನ್ನು ಮೂರು ಸಲ ಕಂಡವರಿದ್ದರು. ಪತ್ರಿಕೆಯ ಕಚೇರಿಯಲ್ಲಿ ಅವನ ಪಿಸುಮಾತು ಅರ್ಧ ಕೇಳಿಸಿಕೊಂಡವರು, ಅಕ್ಕನಿಗೆ ತೊಂದರೆಯಾಗಬಾರದೆಂದು ಅವನು ತನ್ನ ಮರಣವಾರ್ತೆಯನ್ನು ತಾನೇ ಬರೆದುಕೊಟ್ಟು ಬಂದನೆಂದು ಹೇಳಿದರು. ಎಷ್ಟು ಅಚ್ಚುಕಟ್ಟಾದ ಮನುಷ್ಯ ಎಂದು ಊರು ಮೆಚ್ಚಿಕೊಂಡಿತು.

ಹಾಟ್‌ಡಿಶ್‌ಗಳು ಬರತೊಡಗಿದವು. ಮೊದಲ ವಾರ ನಾಲ್ಕು, ಎರಡನೇ ವಾರ ಏಳು. ಭಾವ ಅವುಗಳನ್ನು ಸಾಲಾಗಿ ಜೋಡಿಸಿ ನನಗೆ ತೋರಿಸಿದ. ತಂಡಕ್ಕೆ ಸೇರಲಿರುವುದಕ್ಕೆ ಊರಿನವರು ಮಾಡುತ್ತಿರುವ ಮರ್ಯಾದೆ ಇದು ಎಂದು ಅವನ ತಿಳಿವಳಿಕೆ. ನನಗೂ ಹಾಗೇ ಅನಿಸಿತು, ಯಾಕೆಂದರೆ ನೆಂಟನ ಕಿವಿಗೆ ಸುದ್ದಿ ಬೀಳುವುದು ಕೊನೆಗೆ. ಪಾಸ್ಟರ್ ಬಂದು ಅವನ ಭುಜ ಹಿಡಿದು, ಹೇಗಿದ್ದೀರಿ ಎಂದು ಕೇಳಿದಾಗ ಭಾವ ಕೆಮ್ಮುತ್ತ ಹೇಳಿದ: “ಫೆಬ್ರವರಿ ಕೊನೇವರೆಗೆ ತಡ್ಕೊಂಡ್ರೆ ಸಾಕು ಪಾಸ್ಟರ್. ಆಮೇಲಿನದು ದೇವರಿಗೆ ಬಿಟ್ಟದ್ದು.” ಪಾಸ್ಟರ್ ಕಣ್ಣೊರೆಸಿಕೊಂಡು ಹೋದ. ಪಂದ್ಯದ ಬಗ್ಗೆ ಇವನಿಗೆ ಎಷ್ಟು ಕಾಳಜಿ ನೋಡು ಎಂದು ಭಾವ ನನಗೆ ಹೇಳಿದ.

ಗುರುವಾರ ಸಂಜೆ ಪರೀಕ್ಷೆ. ಐವರೂ ಸಾಲಾಗಿ ನಿಂತರು. ಭಾವ ಎರೆದ ಗುಂಡುಗಳು ನೋಡಲು ಬೆಳ್ಳಿಯ ಹಾಗಿದ್ದವು, ಉಗುರಿನಿಂದ ಗೀಚಿದರೆ ಉಗುರೇ ಮುರಿಯುವಷ್ಟು ಗಟ್ಟಿ. ಮೊದಲ ಹತ್ತು ಸುತ್ತು ಹೇಗೋ ಹೋದವು. ಎರಡನೇ ಹತ್ತರಲ್ಲಿ ಗುರಿಹಲಗೆಯ ಕಾಗದಗಳು ಇಲಿ ತಿಂದ ಹಾಗಾದವು. ಕೆಲವು ಗುಂಡುಗಳು ಅಡ್ಡಡ್ಡ ಹೋಗಿ ಕಾಗದದಲ್ಲಿ ಉದ್ದನೆಯ ತೂತು ಬಿಟ್ಟಿದ್ದವು. ಹೊಡೆದು ಮುಗಿಸಿ ಎಲ್ಲರೂ ಪಿಸ್ತೂಲು ಖಾಲಿ ಮಾಡಿ, ನಳಿಕೆ ಕಳಚಿ, ದೀಪಕ್ಕೆ ಹಿಡಿದು ನೋಡಿದರು. ಭಾವನ ನಳಿಕೆಯಲ್ಲಿ ಗೀರುಗಳೇ ಕಾಣದಷ್ಟು ಸೀಸ ಮೆತ್ತಿತ್ತು. ಒಂಬತ್ತು ವರ್ಷ ಕಾದದ್ದು ಆ ಒಂದು ತೂತಿನೊಳಗೆ ಮುಚ್ಚಿಹೋದದ್ದು ಅವನಿಗೆ ಕಂಡಿತು. ಮಿಲೋನನ್ನು ಕೇಳಿದ, ನಿನ್ನದು ಹೇಗಿದೆ?

ಮಿಲೋ ತನ್ನ ನಳಿಕೆಯನ್ನು ಬೇಗ ಬೇಗ ಬಟ್ಟೆಯಲ್ಲಿ ಸುತ್ತಿದ. “ಪರವಾಗಿಲ್ಲ ಎಲ್ಡೋರ್. ಚೆನ್ನಾಗಿದೆ. ತುಂಬಾ ಚೆನ್ನಾಗಿದೆ.”

ಉಳಿದ ಮೂವರೂ ಹಾಗೇ ಹೇಳಿದರು. ಒಬ್ಬನಂತೂ ಇಂಥ ಗುಂಡು ಜನ್ಮದಲ್ಲೇ ಹೊಡೆದಿರಲಿಲ್ಲ ಎಂದ, ಅದು ಸುಳ್ಳಲ್ಲ.

ಕೋಟು ತರಲು ಹೋದ ನಾನು ಒಳಕೋಣೆಯಲ್ಲಿ ಕಂಡದ್ದು ಇದು: ನಾಲ್ವರೂ ಬೆನ್ನು ತಿರುಗಿಸಿ ನಿಂತು, ಹಲ್ಲು ಕಚ್ಚಿಕೊಂಡು, ನಳಿಕೆ ತಿಕ್ಕುತ್ತಿದ್ದಾರೆ. ನಾನು ಬಾಯಿ ತೆರೆಯುವ ಮೊದಲೇ ಮಿಲೋ ನನ್ನನ್ನು ಮೂಲೆಗೆಳೆದು ಎಲ್ಲ ಹೇಳಿದ. ಸಾಯುವ ಮನುಷ್ಯನಿಗೆ ನಿನ್ನ ಗುಂಡು ಕಸ ಎಂದು ಹೇಗೆ ಹೇಳುವುದು? ಭಾನುವಾರ ಸೋಲೋಣ, ಹನ್ನೆರಡನೇ ಸಲವೂ ಪ್ಯಾನ್‌ಕೇಕ್ ಹುಯ್ಯೋಣ, ಪಾಪ ಒಂದು ಸಲ ಆ ಜಾಗದಲ್ಲಿ ನಿಂತು ಹೋಗಲಿ ಎಂದ. ನೆಟ್ಟಗೆ ಭಾವನ ಮನೆಗೆ ಹೋಗಿ ಕೇಳಬೇಕೆಂದುಕೊಂಡು ಹೊರಟೆ. ಆಮೇಲೆ ನನ್ನ ಮನೆಗೆ ತಿರುಗಿ, ಹಾಟ್‌ಡಿಶ್‌ಗೆ ಆಲೂಗಡ್ಡೆ ಹೆಚ್ಚಿದೆ.

ಶುಕ್ರವಾರ ಮಧ್ಯಾಹ್ನ ಆ ಪಾತ್ರೆ ಹಿಡಿದು ಗ್ಯಾರೇಜಿಗೆ ಹೋದಾಗ ಭಾವ ಅತ್ತಿಂದಿತ್ತ ಓಡಾಡುತ್ತಿದ್ದ. ಎಲ್ಲರ ಪಿಸ್ತೂಲೂ ಸರಿಯಿರುವಾಗ ತನ್ನದಕ್ಕೊಂದಕ್ಕೇ ಸೀಸ ಹಿಡಿಯುತ್ತದಲ್ಲ, ಕೈಯೇ ಕೆಟ್ಟದ್ದೋ ಏನೋ ಎಂದು ಗೊಣಗುತ್ತಿದ್ದ. ನನ್ನನ್ನು ಕಂಡವನೇ ತೋಳು ಹಿಡಿದು ಮರದ ರಾಶಿಯ ಹಿಂದೆ ಕರೆದುಕೊಂಡು ಹೋದ. ಅವನ ಕಣ್ಣಲ್ಲಿ ನೀರು.

“ವೆಂಡೆಲ್, ನಿನ್ನ ಅಕ್ಕ ನನ್ನನ್ನ ಬೈದು ಮೂರು ವಾರ ಆಯ್ತು.”

ನಾನು ಪಾತ್ರೆಯನ್ನು ಇನ್ನೊಂದು ಕೈಗೆ ಬದಲಾಯಿಸಿದೆ.

“ಅಡುಗೆಮನೆ ಪಾತ್ರೇಲಿ ಮೇಣ ಕರಗಿಸಿದೆ, ಸುಮ್ನಿದ್ಲು. ಬೂಟು ಹಾಕ್ಕೊಂಡು ಜಮಖಾನದ ಮೇಲೆ ನಡೆದೆ, ಸುಮ್ನಿದ್ಲು. ವಾರದ ಮಧ್ಯೆ ಮಾಂಸದುಂಡೆ ಮಾಡಿ ಹಾಕ್ತಾಳೆ, ನಾನು ತಿನ್ನೋದನ್ನೇ ನೋಡ್ತಾ ಕೂತಿರ್ತಾಳೆ. ಚರ್ಚಲ್ಲಿ ಹೆಂಗಸರೆಲ್ಲ ಅವಳ ಕೈ ಸವರ್ತಾರೆ. ಪಾಸ್ಟರ್ ಪ್ರಾರ್ಥನೆ ಮಾಡಿದ್ದು ಯಾರಿಗೆ ಅಂತ ನನಗೀಗ ಗೊತ್ತಾಯ್ತು ಕಣೋ.”

ಆ ಮನೆಯಲ್ಲಿ ನಡೆದದ್ದು ಇಷ್ಟು: ಗಂಡ ಸಾಯುತ್ತಾನೆಂದು ಅಕ್ಕ ನಾಲಿಗೆ ಕಚ್ಚಿಕೊಂಡಿದ್ದಳು, ಅವಳು ನಾಲಿಗೆ ಕಚ್ಚಿಕೊಂಡದ್ದು ನೋಡಿ, ಅವಳು ಸಾಯುತ್ತಾಳೆಂದು ಇವನು ಕಂಗೆಟ್ಟಿದ್ದ. ಒಂದೇ ಮಂಚದ ಎರಡು ಮಗ್ಗುಲಲ್ಲಿ ಮಲಗಿ ಇಬ್ಬರೂ ಒಬ್ಬರ ಉಸಿರನ್ನೊಬ್ಬರು ಕೇಳಿಸಿಕೊಳ್ಳುತ್ತಿದ್ದರು. ನನಗೆ ಆಗ ಇದೇನೂ ಹೊಳೆಯಲಿಲ್ಲ. ಸಾಯುವವನಿಗೆ ತನ್ನ ಸ್ಥಿತಿಯೇ ಗೊತ್ತಿಲ್ಲವಲ್ಲ ಎಂದುಕೊಂಡು, ಪಾತ್ರೆ ಹಿಡಿದುಕೊಂಡೇ ನಿಂತೆ.

ಇತ್ತ ಸ್ವಲ್ಪ ಹೊತ್ತಿನ ಮೊದಲು ಮಿಲೋ ಅಂಚೆ ಹಂಚುತ್ತ ಬೋರ್ಗಿಲ್ಡರ ಮನೆಗೆ ಹೋಗಿದ್ದ. ಸ್ವೆರೆ ಎಲ್ಲಾದರೂ ಒಂದಿಷ್ಟು ಗುಂಡು ಬಿಟ್ಟುಹೋಗಿದ್ದಾರೋ ಎಂದು ಹತ್ತು ಸುತ್ತು ಬಳಸಿ ಕೇಳಿದ. ಅವರು ಕಾರಣ ಕೇಳಿದಾಗ ಗುರುವಾರ ನಡೆದದ್ದನ್ನೆಲ್ಲ ಹೇಳಿ, ಭಾವ ಎರೆದದ್ದರಲ್ಲಿ ಒಂದನ್ನು ಜೇಬಿನಿಂದ ತೆಗೆದು ಕೊಟ್ಟ. ಬೋರ್ಗಿಲ್ಡ್ ಅದನ್ನು ಮೂಗಿನ ಬಳಿ ಹಿಡಿದರು. ಸ್ವೆರೆ ಜೇನು ಸಾಕುತ್ತಿದ್ದವರು, ಗುಂಡಿಗೆ ಹಾಕುತ್ತಿದ್ದದ್ದು ತಮ್ಮ ಗೂಡಿನ ಮೇಣ. ಅದರ ವಾಸನೆ ಅವರಿಗೆ ಗೊತ್ತು. ಇದು ಬೇರೆ. ಇದು ಭಾನುವಾರ ಬೆಳಗಿನ ಚರ್ಚಿನ ವಾಸನೆ. ಅವರು ಬೂಟು ಹಾಕಿಕೊಂಡು, ಹಿಮದಲ್ಲಿ ಆರು ಮನೆ ದಾಟಿ, ಭಾವನ ಗ್ಯಾರೇಜಿನ ಬಾಗಿಲಲ್ಲಿ ಬಂದು ನಿಂತರು. ಅಂಗೈಯಲ್ಲಿ ಗುಂಡು.

“ಎಲ್ಡೋರ್, ನೀನು ಸಾಯ್ತಾ ಇದ್ದೀಯಾ?”

ಹಾಲ್ಡಾಲ್ ಊರು ಹುಟ್ಟಿ ನೂರೆರಡು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ಒಬ್ಬ ಮನುಷ್ಯ ಇನ್ನೊಬ್ಬನನ್ನು ನೇರಾನೇರ ಒಂದು ಪ್ರಶ್ನೆ ಕೇಳಿದ್ದು ಅದೇ ಮೊದಲು. ನಾನು ಹಾಟ್‌ಡಿಶ್ ಕೆಳಗಿಟ್ಟೆ.

“ನಾನಾ?” ಎಂದ ಭಾವ. “ನಾನಲ್ಲ. ಸಾಯ್ತಾ ಇರೋದು ಆರ್ಡಿಸ್.”

ಮನೆಯೊಳಗಿನಿಂದ ಕಾಫಿ ತಂದ ಅಕ್ಕ ಆಗಲೇ ಹೊಸಿಲ ಮೇಲೆ ನಿಂತಿದ್ದಳು. “ನಾನಾ?” ಎಂದಳು.

ಆಮೇಲಿನ ಕಾಲು ಗಂಟೆಯನ್ನು ನಾನು ಪೂರ್ತಿ ಹೇಳಲಾರೆ. ಬೋರ್ಗಿಲ್ಡ್ ಒಂದೊಂದೇ ಪ್ರಶ್ನೆ ಕೇಳುತ್ತ ಹೋದರು: ಮೊಂಬತ್ತಿ ಯಾಕೆ, ಆಸ್ಪತ್ರೆ ಯಾಕೆ, ಪತ್ರಿಕೆಯ ಕಚೇರಿ ಯಾಕೆ. ಭಾವ ಒಂದೊಂದಕ್ಕೂ ಗುಂಡು, ಗುಂಡು, ಗುಂಡು ಎಂದ. ಅಕ್ಕ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕುಳಿತು ಅತ್ತಳು. ಆಮೇಲೆ ಎದ್ದು ನಿಂತಳು. ಮೂರು ವಾರದ ಬಾಕಿಯನ್ನು ಅವಳು ಪಾತ್ರೆಯಿಂದ ಶುರುಮಾಡಿ, ಜಮಖಾನದ ಮೇಲೆ ಹಾಯ್ದು, ತೆರೆದ ಬಾಗಿಲಿನಿಂದ ಮನೆಯ ಶಾಖವೆಲ್ಲ ಹೋದದ್ದರವರೆಗೆ ತೀರಿಸಿದಳು. ಭಾವ ಪ್ರತಿಯೊಂದಕ್ಕೂ ಹೌದು ಕಣೇ, ಹೌದು ಕಣೇ ಎನ್ನುತ್ತ ನಿಂತಿದ್ದ. ಅಷ್ಟು ಖುಷಿಯಿಂದ ಬೈಸಿಕೊಂಡ ಗಂಡಸನ್ನು ನಾನು ನೋಡಿಲ್ಲ.

“ಇನ್ನು ಈ ಗುಂಡಿನ ವಿಷಯ,” ಎಂದರು ಬೋರ್ಗಿಲ್ಡ್. “ನಿನ್ನೆ ಐದು ನಳಿಕೇನೂ ಹಾಳಾಗಿದೆ. ನೀನು ಸಾಯ್ತೀಯ ಅಂದ್ಕೊಂಡು, ಚೆನ್ನಾಗಿದೆ ಅಂತ ಅವರು ಸುಳ್ಳು ಹೇಳಿದಾರೆ.”

ಖುಷಿ ಅಲ್ಲಿಗೆ ಮುಗಿಯಿತು. ಭಾವ ಬಕೆಟ್ಟಿನ ಮೇಲೆ ಕುಸಿದ. ಪಂದ್ಯಕ್ಕೆ ಒಂದೂವರೆ ದಿನ. ಆದರೆ ಇವು ಇಷ್ಟು ಗಟ್ಟಿಯಿವೆಯಲ್ಲ ಎಂದು ಒಂದು ಗುಂಡನ್ನು ಅವರ ಮುಂದೆ ಹಿಡಿದ.

“ಗಟ್ಟಿ ಇದೆ ಸರಿ. ನಿನ್ನ ನಳಿಕೆಗೆ ಸರಿಯಾಗಿ ಕೂರತ್ತಾ?”

ಭಾವನ ಬಾಯಿ ತೆರೆಯಿತು, ಮುಚ್ಚಿತು. ಇನ್ನೊಮ್ಮೆ ತೆರೆಯಿತು.

“ಗೊತ್ತಿಲ್ಲ ಬೋರ್ಗಿಲ್ಡ್,” ಎಂದ.

ಅಕ್ಕ ನನ್ನ ಕಡೆ ನೋಡಿದಳು. ಬೋರ್ಗಿಲ್ಡ್ ಕೋಟು ಬಿಚ್ಚಿ ಮೊಳೆಗೆ ತೂಗುಹಾಕಿದರು. ಮೂವತ್ತು ವರ್ಷ ಸ್ವೆರೆ ಎರೆದದ್ದೆಂದು ಊರೆಲ್ಲ ಹೊಗಳಿದ ಗುಂಡುಗಳಲ್ಲಿ ಅರ್ಧಕ್ಕರ್ಧ ಅಡುಗೆಮನೆಯ ಮೇಜಿನ ಮೇಲೆ ತಾವು ಮಾಡಿದ್ದು ಎಂದು ಅವರು ಆಗ ಹೇಳಿದರು. ಯಾರೂ ಕೇಳಿರಲಿಲ್ಲ, ಅದಕ್ಕೆ ಅವರೂ ಹೇಳಿರಲಿಲ್ಲ.

ಭಾವನ ಪಿಸ್ತೂಲಿನ ನಳಿಕೆ ಕಳಚಿಸಿ, ಚೊಕ್ಕಟ ಮಾಡಿಸಿ, ಮೆತ್ತನೆ ಸೀಸದ ಒಂದು ತುಂಡನ್ನು ಮರದ ಕಡ್ಡಿಯಿಂದ ಅದರೊಳಗೆ ಮೆಲ್ಲಗೆ ತಟ್ಟಿ ಆಚೆ ಹೊರಡಿಸಿದರು. ಆ ತುಂಡಿನ ಮೈಮೇಲೆ ನಳಿಕೆಯ ಒಳ ಅಳತೆ ಪಡಿಯಚ್ಚಾಗಿ ಮೂಡಿತ್ತು. ಸೂಕ್ಷ್ಮ ಅಳತೆಯ ಮೈಕ್ರೋಮೀಟರಿನಲ್ಲಿ ಅದನ್ನು ಅಳೆದರು, ಭಾವನ ಗುಂಡನ್ನೂ ಅಳೆದರು. ಗುಂಡು ಒಂದು ಕೂದಲೆಳೆಯಷ್ಟು ಸಣ್ಣ.

“ನಿನ್ನ ಮನೆ ಬಾಗಿಲು ಎಷ್ಟು ಗಟ್ಟಿ ಮರದ್ದು ಅಂತ ಜನವರಿ ಗಾಳಿ ಕೇಳಲ್ಲ ಎಲ್ಡೋರ್. ಸಂದಿ ಇದೆಯಾ ಅಂತ ನೋಡತ್ತೆ. ಹಿಂದಿಂದ ಬರೋ ಬೆಂಕಿ ಗಾಳಿ ಈ ಸಂದೀಲಿ ನುಗ್ಗಿ, ಗುಂಡಿನ ಮೈನೇ ಕರಗಿಸಿ ನಳಿಕೆಗೆ ಬಳಿಯತ್ತೆ. ಗುಂಡು ನಳಿಕೆಗಿಂತ ಒಂಚೂರು ದಪ್ಪ ಇರಬೇಕು. ಒಂಚೂರು ಮೆತ್ತಗೂ ಇರಬೇಕು, ಒತ್ತಡ ಬಿದ್ದಾಗ ಹಿಗ್ಗಿ ಸಂದಿ ಮುಚ್ಕೊಳ್ಳೋ ಹಾಗೆ.”

ಇಷ್ಟು ಸಣ್ಣ ಯಾಕಾಯಿತು ಎಂದು ಹುಡುಕಿದಾಗ ಕಳ್ಳ ಸಿಕ್ಕಿದ. ಎರೆದ ಗುಂಡನ್ನು ಒಂದೇ ಅಳತೆಗೆ ತರಲು ಉಕ್ಕಿನ ಬಳೆಯೊಂದರ ಮೂಲಕ ಒತ್ತಿ ತೆಗೆಯುತ್ತಾರೆ. ಭಾವ ಸಂತೆಯಲ್ಲಿ ಕೊಂಡ ಹಳೇ ಸಾಮಾನಿನ ಜೊತೆ ಬಂದ ಬಳೆ ಬೇರಾವುದೋ ಪಿಸ್ತೂಲಿನದು. ಅಚ್ಚಿನಿಂದ ಸರಿಯಾಗಿಯೇ ಬರುತ್ತಿದ್ದ ಗುಂಡುಗಳನ್ನು ಅವನು ಒಂದೊಂದಾಗಿ, ಆರು ವಾರ, ಶ್ರದ್ಧೆಯಿಂದ ಆ ಬಳೆಯಲ್ಲಿ ತೂರಿಸಿ ಕೆಡಿಸಿದ್ದ. ಬೋರ್ಗಿಲ್ಡ್ ಆ ಬಳೆಯನ್ನು ಬೂದಿಯ ಡಬ್ಬಕ್ಕೆ ಹಾಕಿದರು.

ಶುಕ್ರವಾರ ಸಂಜೆಯವರೆಗೆ, ಶನಿವಾರ ಬೆಳಗಿನಿಂದ ಮತ್ತೆ, ಆ ಗ್ಯಾರೇಜಿನಲ್ಲಿ ಯಾರೂ ಸುಮ್ಮನೆ ಕೂರಲಿಲ್ಲ. ಗಟ್ಟಿ ಗುಂಡುಗಳನ್ನೆಲ್ಲ ಮರಳಿ ಕರಗಿಸಿ, ಆಸ್ಪತ್ರೆಯ ಮೆತ್ತನೆ ಸೀಸ ಬೆರೆಸಿ, ಬೋರ್ಗಿಲ್ಡ್ ಹುಯ್ದರು, ಭಾವ ಅಳೆದ, ಅಕ್ಕ ಮೇಣದ ಜಿಡ್ಡು ಬಳಿದಳು. ನಾನು ಎಲ್ಲರಿಗೂ ಹಾಟ್‌ಡಿಶ್ ಬಡಿಸಿದೆ. ಹದಿಮೂರು ಪಾತ್ರೆ ಇದ್ದವು. ಮೊಂಬತ್ತಿಯ ಮೇಣ ಇನ್ನೂ ಬೇಕಾದಾಗ ಬೋರ್ಗಿಲ್ಡ್ ತಾವೇ ಚರ್ಚಿಗೆ ಹೋಗಿ ತಂದರು. ಪಾಸ್ಟರ್ ಎದುರಾಗಿ, ಎಲ್ಡೋರ್ ಹೇಗಿದ್ದಾರೆ ಎಂದು ಕಣ್ಣು ತುಂಬಿಕೊಂಡು ಕೇಳಿದನಂತೆ. ಬದುಕ್ತಾನೆ, ಅಂದರಂತೆ ಅವರು. ಪಾಸ್ಟರ್ ಅಲ್ಲೇ ಮೊಣಕಾಲೂರಿದ.

ಶನಿವಾರ ಮಧ್ಯಾಹ್ನ ಬೆಣ್ಣೆ ಕಾರ್ಖಾನೆಯ ನೆಲಮಾಳಿಗೆಯಲ್ಲಿ ತಂಡ ಮತ್ತೆ ಸೇರಿತು. ಸುದ್ದಿ ಅಷ್ಟರಲ್ಲಿ ಹರಡಿತ್ತು. ಭಾವ ಸಾಯುವುದಿಲ್ಲ ಎಂದು ತಿಳಿದದ್ದೇ ತಡ, ಮಿಲೋ ಎರಡು ದಿನದಿಂದ ತಡೆದಿಟ್ಟುಕೊಂಡದ್ದನ್ನೆಲ್ಲ ಹೇಳಿಕೊಂಡ. ಬೆರಳು ತೋರಿಸಿ ಹೇಳಿಕೊಂಡ. ಭಾವ ಕೇಳಿಸಿಕೊಂಡ.

ಹೊಸ ಗುಂಡು ಪರೀಕ್ಷಿಸುವುದು ಯಾರು? ಭಾವ ಪಿಸ್ತೂಲು ಮುಟ್ಟದೆ ಹಿಂದೆ ಸರಿದ. ಬೋರ್ಗಿಲ್ಡ್ ಅವನ ಪಿಸ್ತೂಲನ್ನು ತಾವೇ ತೆಗೆದುಕೊಂಡರು. ಕಿವಿ ಮುಚ್ಚಿಕೊಂಡೆವು. ಅವರು ಒಂದು ಕೈ ಕೋಟಿನ ಜೇಬಿನಲ್ಲಿಟ್ಟು, ಅವಸರವಿಲ್ಲದೆ ಇಪ್ಪತ್ತು ಸುತ್ತು ಹೊಡೆದರು. ಹಗ್ಗ ಎಳೆದು ಗುರಿಹಲಗೆ ತರಿಸಿದಾಗ ನಾನೇ ತೂತು ಎಣಿಸಬೇಕಾಯಿತು, ಎಣಿಸಲಾಗಲಿಲ್ಲ. ನಡುವಿನ ಕಪ್ಪು ವೃತ್ತದಲ್ಲಿ ಇದ್ದದ್ದು ಒಂದೇ ದೊಡ್ಡ ತೂತು. ನಳಿಕೆಯನ್ನು ದೀಪಕ್ಕೆ ಹಿಡಿದರೆ ಸುರುಳಿ ಗೀರುಗಳು ಕನ್ನಡಿಯ ಹಾಗೆ ಹೊಳೆಯುತ್ತಿದ್ದವು, ಒಂದು ಚೂರು ಸೀಸವಿಲ್ಲ.

ಆಮೇಲೆ ಅದೇ ಪಿಸ್ತೂಲು, ಅದೇ ಗುಂಡು, ಭಾವ ಹೊಡೆದ. ಅವನ ಗುರಿಹಲಗೆ ಬಂದಾಗ ಕಪ್ಪು ವೃತ್ತ ಬಹುಮಟ್ಟಿಗೆ ಹೊಸದರಂತೆಯೇ ಇತ್ತು.

ಎಲ್ಲರ ಮನಸ್ಸಿನಲ್ಲೂ ಒಂದೇ ಮಾತು ಇತ್ತು, ಅದನ್ನು ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಮಿಲೋ ಬೂಟಿನ ತುದಿ ನೋಡಿದ. ನಳಿಕೆಗೆ ಸೀಸ ಹಿಡಿಯಲಿಲ್ಲ, ಮಾತು ಮಾತೇ, ಐದನೇ ಜಾಗ ಎಲ್ಡೋರ್‌ದು ಎಂದು ಸಣ್ಣ ದನಿಯಲ್ಲಿ ಹೇಳಿದ. ಭಾವ ತನ್ನ ಕಾಗದವನ್ನೂ ಬೋರ್ಗಿಲ್ಡರ ಕಾಗದವನ್ನೂ ಒಂದರ ಪಕ್ಕ ಒಂದಿಟ್ಟು ಬಹಳ ಹೊತ್ತು ನೋಡಿದ. ಅಷ್ಟು ಹೊತ್ತು ಅವನು ಒಂದೇ ಕಡೆ ನಿಂತದ್ದು ಆ ಚಳಿಗಾಲದಲ್ಲಿ ಅದೇ ಮೊದಲು.

“ನಾಳೆ ಆ ಜಾಗದಲ್ಲಿ ನೀವು ನಿಂತ್ಕೊಳ್ಳಿ ಬೋರ್ಗಿಲ್ಡ್.”

“ಯಾಕೆ?”

“ನಾನು ಚೆನ್ನಾಗಿ ಹೊಡೆಯಲ್ಲ. ನೀವು ಹೊಡೀತೀರಿ.”

ಬೋರ್ಗಿಲ್ಡ್ ಕನ್ನಡಕ ತೆಗೆದು ಕೋಟಿನ ಅಂಚಿನಲ್ಲಿ ಒರೆಸಿದರು, ಮತ್ತೆ ಒರೆಸಿದರು.

“ಮೂವತ್ತು ವರ್ಷ ಇಲ್ಲಿ ಕೆಳಗೆ ನಾವಿಬ್ರೂ ಹೊಡೀತಿದ್ವಿ, ಯಾರೂ ಇಲ್ಲದಾಗ,” ಎಂದರು. “ನಾನೇ ಚೆನ್ನಾಗಿ ಹೊಡೀತಿದ್ದೆ. ಸ್ವೆರೆಗೂ ಗೊತ್ತಿತ್ತು. ಒಳ್ಳೆ ಮನುಷ್ಯ, ಆದರೆ ಈ ಮಾತು ಮಾತ್ರ ಅವರ ಬಾಯಿಂದ ಬರಲಿಲ್ಲ.”

ಭಾನುವಾರ ಕಾರ್ಲ್ಸ್‌ಬಿಯವರು ನಗುತ್ತಲೇ ಬಂದರು, ಪ್ಯಾನ್‌ಕೇಕಿಗೆ ಈ ಸಲ ಯಾವ ಹಣ್ಣಿನ ಪಾಕ ಎಂದು ವಿಚಾರಿಸಿದರು. ಐದನೆಯ ಜಾಗದಲ್ಲಿ ಅಜ್ಜಿಯೊಬ್ಬರು ನಿಂತದ್ದು ನೋಡಿ ಇನ್ನಷ್ಟು ನಕ್ಕರು. ಕೊನೆಯ ಸುತ್ತಿಗೆ ಬರುವ ಹೊತ್ತಿಗೆ ನಗುವುದು ನಿಂತಿತ್ತು. ಭಾವ ಗೋಡೆಯುದ್ದಕ್ಕೂ ಅತ್ತಿಂದಿತ್ತ ನಡೆದು ನಡೆದು ಅಕ್ಕ ಅವನ ಕೋಟು ಹಿಡಿದು ಎಳೆಯಬೇಕಾಯಿತು. ನಾನು ಅಂಕ ಕೂಡಿದೆ, ನಂಬಿಕೆಯಾಗದೆ ಇನ್ನೊಮ್ಮೆ ಕೂಡಿದೆ. ನಾಲ್ಕು ಅಂಕದಿಂದ ನಾವು ಗೆದ್ದಿದ್ದೆವು.

ನಮ್ಮ ನೆಲಮಾಳಿಗೆಯಲ್ಲಿ ಚಪ್ಪಾಳೆ ತಟ್ಟುವ ರೂಢಿಯಿಲ್ಲ. ಗೆದ್ದರೆ ತಲೆಯಾಡಿಸುತ್ತೇವೆ, ತುಂಬ ದೊಡ್ಡ ಗೆಲುವಾದರೆ ಎರಡು ಸಲ. ಬೋರ್ಗಿಲ್ಡ್ ಪಿಸ್ತೂಲು ಖಾಲಿ ಮಾಡಿ ಮೇಜಿನ ಮೇಲಿಟ್ಟಾಗ ಹಿಂದಿನಿಂದ ಒಬ್ಬನೇ ಒಬ್ಬನ ಚಪ್ಪಾಳೆ ಕೇಳಿಸಿತು. ತಿರುಗಿ ನೋಡಿದರೆ ನನ್ನ ಭಾವ, ಕಣ್ಣೀರು ಸುರಿಯುತ್ತಿದೆ, ಮಸಿ ಹಿಡಿದ ಎರಡೂ ಕೈಯಿಂದ ತಟ್ಟುತ್ತಲೇ ಇದ್ದಾನೆ. ನಿಲ್ಲಿಸು ಎಂದು ಅವನಿಗೆ ಯಾರೂ ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ಮಿಲೋ ತನ್ನ ಊದಿದ ಬೆರಳುಗಳನ್ನು ಒಮ್ಮೆ ನೋಡಿಕೊಂಡು, ತಾನೂ ತಟ್ಟತೊಡಗಿದ.